ಮನೆಯಲ್ಲಿ ಹುಡುಗಿ ಇಲ್ಲ

"ನಿಲ್ಸಿ... ಗಾಡಿ ನಿಲ್ಸಿ!"

ಜೆಮೇಲಿ ಓಡುತ್ತಿದ್ದಳು. ಕಾಲಿಗೆ ಶೂ ಇರಲಿಲ್ಲ. ಮಲಗಿದ್ದ ಬಟ್ಟೆಯಲ್ಲೇ ಎದ್ದು ಬಂದಿದ್ದಳು. ಮೊಣಕಾಲಿನವರೆಗೂ ಕೆಂಪು ಕೆಸರು. ಮುಂದೆ ಇಟೆನ್ ಪೇಟೆಯ ಕಡೆಗೆ ಬಿಳಿ ಗಾಡಿಯೊಂದು ಮಳೆಗೆ ಕೊರೆದುಹೋದ ರಸ್ತೆಯಲ್ಲಿ ತೊನೆಯುತ್ತ ಹೋಗುತ್ತಿತ್ತು.

ಮ್ಯಾರಥಾನ್ ಓಡುವ ಹುಡುಗಿ ಅವಳು. ಓಟ ಅವಳಿಗೆ ಹೊಸದಲ್ಲ. ಆದರೆ ಇಷ್ಟು ದಿಗಿಲಿನಿಂದ ಅವಳು ಎಂದೂ ಓಡಿರಲಿಲ್ಲ.

ಮೋರಿಯ ಹತ್ತಿರ ಗಾಡಿ ನಿಧಾನವಾಯಿತು. ಜೆಮೇಲಿ ಹೋಗಿ ಕಿಟಕಿಗೆ ಅಂಗೈಯಿಂದ ಬಡಿದಳು. ಗಾಜು ಇಳಿಯಿತು.

ಒಳಗೆ ನರ್ಸ್ ಕಿಮೈಯೊ ಕೂತಿದ್ದ.

ಇವನಾ... ಇವತ್ತು ಬಂದವನು ಇವನೇನಾ? ಅವಳ ಎದೆ ಒಂದು ಗಳಿಗೆ ಹಗುರವಾಯಿತು. ಇವನಿದ್ದರೆ ಸರಿ, ಇವನಿಗೆ ನಾನು ಗೊತ್ತು.

"ನಾನು ಮನೇಲೇ ಇದ್ದೆ," ಎಂದಳು ಏದುಸಿರಲ್ಲಿ. "ಹಿಂದಿನ ಗುಡಿಸಲಲ್ಲಿ ಮಲಗಿದ್ದೆ. ಎಲ್ಲಿಗೂ ಹೋಗಿರ್ಲಿಲ್ಲ. ಈಗ್ಲೇ ತಗೊಳ್ಳಿ, ಇಲ್ಲೇ ತಗೊಳ್ಳಿ."

ಮುಂದಿನ ಸೀಟಿನಿಂದ ನೆಕೇಸಾ ಮೇಡಂ ತಿರುಗಿ ನೋಡಿದರು. ಅವರು ಪರೀಕ್ಷೆಯ ತಂಡದ ಹಿರಿಯ ಅಧಿಕಾರಿ. ಕೆಟ್ಟವರಲ್ಲ, ಆದರೆ ನಿಯಮದ ಮನುಷ್ಯೆ.

"ನಿನ್ನ ಗಂಟೆ ಮುಗೀತಮ್ಮ. ಅಷ್ಟೂ ಹೊತ್ತು ನಿಮ್ಮ ಬಾಗಿಲಲ್ಲೇ ನಿಂತಿದ್ವಿ. ನೀನಿಲ್ಲ ಅಂತ ನಿಮ್ಮ ಮನೆಯೋರೇ ಹೇಳಿದ್ರು."

ಜೆಮೇಲಿ ಕಿಮೈಯೊ ಕಡೆ ನೋಡಿದಳು. "ನೀವಾದ್ರೂ ಹೇಳಿ..."

ಅವನು ತೊಡೆಯ ಮೇಲಿನ ಐಸ್ ಪೆಟ್ಟಿಗೆಯನ್ನೇ ನೋಡುತ್ತ ಕೂತ.

ಗಾಜು ಏರಿತು. ಗಾಡಿ ಹೋಯಿತು. ಜೆಮೇಲಿ ಕೆಸರಿನಲ್ಲಿ ಕುಸಿದು ಕೂತಳು.

ಇದು ಅವಳ ಮೂರನೆಯ ತಪ್ಪಿದ ಪರೀಕ್ಷೆ. ದೊಡ್ಡ ಪಂದ್ಯಗಳಲ್ಲಿ ಓಡುವವರು ದಿನದ ಒಂದು ಗಂಟೆ ತಾವು ಎಲ್ಲಿರುತ್ತೇವೆಂದು ಮೊದಲೇ ತಿಳಿಸಬೇಕು. ಆ ಗಂಟೆಯಲ್ಲಿ ಹೇಳದೆ ಕೇಳದೆ ಬಂದು ಉದ್ದೀಪನ ಮದ್ದಿನ ಪರೀಕ್ಷೆಗೆ ರಕ್ತ, ಮೂತ್ರ ತೆಗೆದುಕೊಳ್ಳುತ್ತಾರೆ. ವರ್ಷದಲ್ಲಿ ಮೂರು ಸಲ ಸಿಗದೆ ಹೋದರೆ ನಿಷೇಧ. ಮದ್ದು ತೆಗೆದುಕೊಂಡವರಿಗೂ ನಿಷೇಧವೇ, ಬಾಗಿಲು ತೆಗೆಯದವರಿಗೂ ನಿಷೇಧವೇ.

ಮೊದಲ ಸಲ ಚಿಕ್ಕಪ್ಪನ ಮಣ್ಣಿಗೆ ಹೋದಾಗ ಸೇತುವೆ ಕೊಚ್ಚಿಹೋಗಿತ್ತು. ಎರಡನೆಯ ಸಲ ಊರು ಬದಲಿಸಿದ್ದನ್ನು ತಿಳಿಸಲು ಮರೆತಿದ್ದಳು, ಅದು ಅವಳದೇ ತಪ್ಪು. ಆದರೆ ಈ ಸಲ? ಈ ಸಲ ಏನಾಯಿತು?

ಮನೆಗೆ ಬಂದಾಗ ತಪ್ಸುಬೆ ಅಜ್ಜಿ ಒಲೆಯ ಮುಂದೆ ಕೂತು ಚಹಾ ಸೋಸುತ್ತಿದ್ದಳು. ಮುಖದಲ್ಲಿ ಹಬ್ಬದ ಕಳೆ.

"ಎಲ್ಲಿಗೆ ಓಡಿದ್ಯೇ ಮಳೇಲಿ? ಹಂಗೆಲ್ಲ ಹಿಂದೆ ಓಡ್ಬಾರ್ದು ಕೂಸೇ, ಹುಡುಗಿ ಹಗುರ ಆಗ್ತಾಳೆ."

"ಅಜ್ಜೀ... ಕೊಗೊ, ಬಂದಿದ್ದೋರಿಗೆ ಏನಂದೆ ನೀನು?"

"ಏನಂತಾರೆ? ಹುಡುಗಿ ಮನೇಲಿಲ್ಲ ಅಂದೆ. ಅದೆಷ್ಟು ಹೊತ್ತು ನಿಂತಿದ್ರು ಗೊತ್ತಾ ಮಳೇಲಿ. ಒಳ್ಳೆ ಜನ. ಚಹಾ ಕೊಟ್ರೆ ಮುಟ್ಲಿಲ್ಲ. ಆ ಹುಡುಗ ಪೆಟ್ಟಿಗೆ ಕೆಳಗೇ ಇಡ್ಲಿಲ್ಲ."

ಜೆಮೇಲಿಗೆ ಎಲ್ಲ ಅರ್ಥವಾಯಿತು.

ನಮ್ಮ ಕಲೆಂಜಿನ್ ಜನರಲ್ಲಿ ಹೆಣ್ಣು ಕೇಳಲು ಬರುವವರು ಬೆಳಕು ಹರಿಯುವ ಮೊದಲೇ ಬರುತ್ತಾರೆ. ಒಗೆದ ಬಟ್ಟೆ ಹಾಕಿ, ಜೊತೆಗೊಬ್ಬ ಹಿರಿಯ ಹೆಂಗಸನ್ನು ಕರೆದುಕೊಂಡು ಬರುತ್ತಾರೆ. ಬಂದ ವಿಷಯ ಬಾಯಿ ಬಿಟ್ಟು ಹೇಳುವುದಿಲ್ಲ. ಉತ್ತರ ಸಿಗುವವರೆಗೆ ಏನೂ ಮುಟ್ಟುವುದಿಲ್ಲ. ಮರ್ಯಾದಸ್ಥ ಮನೆಯವರು ಮೊದಲ ಸಲ ಬಂದವರನ್ನು ಹುಡುಗಿ ಇಲ್ಲವೆಂದು ಕಳಿಸುತ್ತಾರೆ. ಬೇಕಾದವರು ಮತ್ತೆ ಬರುತ್ತಾರೆ, ಬರಲೇಬೇಕು.

ಪರೀಕ್ಷೆಗೆ ಬರುವವರೂ ಬೆಳಕು ಹರಿಯುವ ಮೊದಲೇ ಬರುತ್ತಾರೆ. ವಿಷಯ ಓಟಗಾರರಿಗಲ್ಲದೆ ಬೇರೆಯವರಿಗೆ ಹೇಳುವುದಿಲ್ಲ. ಚಹಾ ಮುಟ್ಟುವುದಿಲ್ಲ. ಹೇಳಿ, ಅಜ್ಜಿಯದೇನು ತಪ್ಪು?

ಇಷ್ಟು ದಿನ ಜೆಮೇಲಿಯ ಪರೀಕ್ಷೆಗಳೆಲ್ಲ ತರಬೇತಿ ಕ್ಯಾಂಪಿನಲ್ಲೇ ಆಗಿದ್ದವು. ಈ ವಾರ ವಿಶ್ರಾಂತಿಗೆಂದು ಅಜ್ಜಿಯ ಮನೆಗೆ ಬಂದಿದ್ದಳು. ಸಂಸ್ಥೆಗೆ ವಿಳಾಸ ಸರಿಯಾಗಿಯೇ ತಿಳಿಸಿದ್ದಳು. ಅಜ್ಜಿಗೆ ಒಂದು ಮಾತು ಹೇಳುವುದನ್ನು ಮಾತ್ರ ಮರೆತಿದ್ದಳು. ಕರೆಂಟು ಹೋಗಿ ಫೋನು ಸತ್ತಿತ್ತು. ತಗಡಿನ ಮೇಲೆ ಮಳೆ ಸುರಿಯುವಾಗ ಯಾರು ಕೂಗಿದರೂ ಕೇಳುವುದಿಲ್ಲ. ಮೇಲಾಗಿ ಬಂದವರ ಕಣ್ಣಿಗೆ ಹುಡುಗಿ ಬೀಳಬಾರದೆಂದು ಅಜ್ಜಿ ಗುಡಿಸಲಿಗೆ ಹೊರಗಿನಿಂದ ಚಿಲಕ ಬೇರೆ ಹಾಕಿದ್ದಳು. ಬಂದವರು ಹೊರಟ ಮೇಲೆ ಅಜ್ಜಿ ಚಿಲಕ ತೆಗೆದ ಸದ್ದಿಗೇ ಜೆಮೇಲಿಗೆ ಎಚ್ಚರವಾದದ್ದು, ಹೊರಗೆ ಬಂದಾಗ ಕಂಡದ್ದು ಪರೀಕ್ಷೆಯ ಗಾಡಿಯ ಬೆನ್ನು.

"ಕೊಗೊ, ಅವರು ನನ್ನ ರಕ್ತ ತಗೊಳ್ಳೋಕೆ ಬಂದಿದ್ರು. ನಾನಿನ್ನು ಓಡೋ ಹಾಗಿಲ್ಲ."

ಅಜ್ಜಿಯ ಕೈಯಲ್ಲಿದ್ದ ಚಹಾ ಸೋಸುವ ಬಟ್ಟೆ ಹಾಗೆಯೇ ನಿಂತಿತು. ಆಮೇಲೆ ಮೊಮ್ಮಗಳ ಕೆಸರುಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಒರೆಸತೊಡಗಿದಳು.

ಊರ ಬಾಯಿಗೆ ಮುಚ್ಚಳ ಉಂಟೇ? ಸುದ್ದಿ ಮಧ್ಯಾಹ್ನದೊಳಗೆ ಕ್ಯಾಂಪು ಮುಟ್ಟಿತು. ಕೋಚ್ ಸೊಂಗೊಕ್ ಅವಳನ್ನು ಕರೆಸಿ, ವಿಚಾರಣೆ ಮುಗಿಯುವವರೆಗೆ ಗುಂಪಿನ ಓಟಕ್ಕೆ ಬರಬೇಡವೆಂದರು. ಕ್ಯಾಂಪಿನಲ್ಲಿ ಇನ್ನೂ ಹದಿನೈದು ಹುಡುಗಿಯರಿದ್ದಾರೆ, ಒಬ್ಬಳ ಮೇಲೆ ಅನುಮಾನ ಬಂದರೆ ಎಲ್ಲರ ಮೇಲೂ ಬರುತ್ತದೆ ಎಂದರು. ಜೆಮೇಲಿ ತಲೆಯಾಡಿಸಿ ಬಂದಳು.

ಒಬ್ಬಳೇ ಓಡುವುದೆಂದರೆ ಏನೆಂದು ಓಡಿದವರಿಗೇ ಗೊತ್ತು. ಎದುರುಗಾಳಿಗೆ ಅಡ್ಡ ನಿಲ್ಲುವವರಿಲ್ಲ. ಉದ್ದದ ಓಟದ ಕೊನೆಯಲ್ಲಿ ನೀರು ಕೊಡುವವರಿಲ್ಲ. ಹಿಮ್ಮಡಿಯ ಹಳೇ ನೋವು ಬೆಳಿಗ್ಗೆ ಎದ್ದೊಡನೆ ಚುಚ್ಚುತ್ತಿತ್ತು, ಅದನ್ನು ಉಜ್ಜಿ ಸರಿಮಾಡುವ ಕೈಗಳೂ ಕ್ಯಾಂಪಿನಲ್ಲೇ ಉಳಿದವು. ಬೆಟ್ಟದ ದಾರಿಯಲ್ಲಿ ಗುಂಪು ಎದುರಾದರೆ ಗೆಳತಿಯರು ನೆಲ ನೋಡುತ್ತ ದಾಟುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಕಾರಿನ ಆ ಗಾಜು.

ಕಿಮೈಯೊ ರಕ್ತ ತೆಗೆಯುವ ನರ್ಸ್. ಮೊದಲ ಸಲ ಕ್ಯಾಂಪಿಗೆ ಬಂದಾಗ ಚಳಿಗೆ ಅವಳ ಕೈಯಲ್ಲಿ ನರವೇ ಸಿಕ್ಕಿರಲಿಲ್ಲ. ಬೇರೆಯವರಾಗಿದ್ದರೆ ಚುಚ್ಚಿ ಚುಚ್ಚಿ ನೋಡುತ್ತಿದ್ದರು. ಅವನು ಬಿಸಿನೀರಿನ ಲೋಟ ತರಿಸಿ, "ಇದನ್ನ ಹಿಡ್ಕೊಂಡು ಕೂತಿರಿ, ನನಗೇನೂ ಅವಸರ ಇಲ್ಲ" ಎಂದಿದ್ದ. ಎರಡನೆಯ ಸಲ ಬಂದಾಗ ಕೇಳುವ ಮೊದಲೇ ಲೋಟ ಬಂದಿತ್ತು. ಮೂರನೆಯ ಸಲ ಸೂಜಿಗೆ ಹೆದರಿ ಕಣ್ಣು ಮುಚ್ಚಿದವನು ಅವನೇ ಎಂದು ಅವಳು ಕೀಟಲೆ ಮಾಡಿದ್ದಳು. ಆಗ ಅವನು ನಕ್ಕ ನಗು... ಅದನ್ನು ಅವಳು ಎಷ್ಟೋ ಓಟಗಳಿಗೆ ಜೊತೆಗಿಟ್ಟುಕೊಂಡಿದ್ದಳು.

ಅಷ್ಟು ಒಳ್ಳೆಯವನು ಒಂದು ಮಾತು ಆಡಲಿಲ್ಲವಲ್ಲ! ನಾನು ಓಡಿಹೋಗುವವಳೆಂದು ಅವನೂ ನಂಬಿದನೇ?

ಒಂದು ಸಂತೆಯ ದಿನ ಅವನು ಎದುರಿಗೇ ಸಿಕ್ಕಿದ. ಎಲೆಕೋಸಿನ ರಾಶಿಯ ಆಚೆ ನಿಂತಿದ್ದ. ಕಣ್ಣು ಕೂಡಿತು. ಜೆಮೇಲಿಯ ಕಾಲು ತಾನಾಗಿ ಮುಂದೆ ಹೋಯಿತು. ಅವನು ಸರ್ರನೆ ತಿರುಗಿ ರಸ್ತೆ ದಾಟಿ ಜನರ ನಡುವೆ ಸೇರಿಹೋದ.

"ಹೇಡಿ," ಎಂದಳು ಗಟ್ಟಿಯಾಗಿಯೇ. ಎಲೆಕೋಸು ಮಾರುವವಳು ತನಗೇ ಅಂದಳೇನೋ ಎಂದು ಕಣ್ಣುಬಿಟ್ಟಳು.

ವಿಚಾರಣೆಗೆ ಮೊದಲು ಸಾಕ್ಷಿಯಾದವನು ಓಟಗಾರ್ತಿಯ ಜೊತೆ ಮಾತಾಡುವಂತಿಲ್ಲ ಎಂಬ ನಿಯಮ ಅವಳಿಗೆ ಯಾರು ಹೇಳಬೇಕು? ಮನಸ್ಸು ನೊಂದವರಿಗೆ ನಿಯಮ ಹೊಳೆಯುವುದೂ ಇಲ್ಲ.

ಅದೇ ದಿನ ಪೇಟೆಯ ಔಷಧಿ ಅಂಗಡಿಯವನು ಅವಳನ್ನು ಒಳಗೆ ಕರೆದ. ಹಿಂದೆಯೂ ಕರೆದಿದ್ದ, ಅವಳು ಹೋಗಿರಲಿಲ್ಲ. ಇವತ್ತು ಯಾಕೋ ಹೊಸ್ತಿಲಲ್ಲಿ ನಿಂತಳು.

"ಕೆಟ್ಟ ಹೆಸರು ಹೇಗೂ ಬಂತಲ್ಲ ತಂಗಿ," ಎಂದ ಅವನು ಮೆಲ್ಲಗೆ. "ಅದರ ಲಾಭಾನಾದ್ರೂ ತಗೋ. ಒಂದು ಸೂಜಿ ಸಾಕು. ಹಿಮ್ಮಡಿ ನೋವು ಗೊತ್ತೂ ಆಗಲ್ಲ, ದಣಿವು ಅನ್ನೋದೇ ಇರಲ್ಲ. ಕ್ಯಾಂಪಿನೋರೆಲ್ಲ ಏನು ಸಾಚಾಗಳು ಅಂದ್ಕೊಂಡ್ಯಾ?"

ಸುಳ್ಳು ಯಾಕೆ ಹೇಳಬೇಕು, ಅವಳ ಮನಸ್ಸು ಒಂದು ಗಳಿಗೆ ಅಲುಗಿತು. ಇಷ್ಟು ವರ್ಷ ಕೆಮ್ಮಿನ ಔಷಧಿಗೂ ಹೆದರಿ ಶುಂಠಿ ಕುಡಿದು ಮಲಗಿದ್ದಳು. ಗೆಳತಿಯರ ಹೊಸ ಮಾತ್ರೆಗಳನ್ನು ಮುಟ್ಟಿರಲಿಲ್ಲ. ಅದಕ್ಕೆ ಸಿಕ್ಕ ಬಹುಮಾನ ಇದೇ ಅಲ್ಲವೇ? ಒಳ್ಳೆಯವಳಾಗಿ ಯಾರಿಗೆ ಏನು ತೋರಿಸಬೇಕು ಇನ್ನು?

ಆದರೆ ನಾಳೆ ಬೆಳಿಗ್ಗೆ ಬೆಟ್ಟ ಹತ್ತುವಾಗ ಉಸಿರು ಹಗುರವಾದರೆ, ಅದು ನನ್ನ ಉಸಿರೋ ಇವನ ಸೂಜಿಯದೋ? ಆ ಪ್ರಶ್ನೆ ಹೊತ್ತು ಎಷ್ಟು ದೂರ ಓಡಲಿ?

"ಬೇಡಣ್ಣ," ಎಂದಳು. "ನಿಧಾನ ಆದ್ರೂ ಪರವಾಗಿಲ್ಲ, ನನ್ನ ಕಾಲು ನನ್ನದೇ ಆಗಿರ್ಲಿ."

ವಿಚಾರಣೆ ಎಲ್ಡೊರೆಟ್ ಪೇಟೆಯ ಹೋಟೆಲೊಂದರ ಹಾಲಿನಲ್ಲಿ ನಡೆಯಿತು. ಮೇಜಿನ ಆಚೆ ಮೂವರು. ನಡುವೆ ಕೂತ ಅಧ್ಯಕ್ಷೆ ನೈರೋಬಿಯಿಂದ ಬಂದ ವಯಸ್ಸಾದ ವಕೀಲೆ. ಈ ಪಂದ್ಯದ ಹಂಗಾಮಿನಲ್ಲಿ ಜೆಮೇಲಿ ಮೊದಲ ಸಲ ವಿದೇಶದ ದೊಡ್ಡ ಮ್ಯಾರಥಾನ್ ಓಡಬೇಕಿತ್ತು. ಓಡುತ್ತಾಳೋ, ಇಲ್ಲಾ ಎರಡು ವರ್ಷ ಮನೆಯಲ್ಲಿ ಕೂರುತ್ತಾಳೋ, ಇವತ್ತು ತೀರ್ಮಾನ.

ನೆಕೇಸಾ ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಾವು ಬುಂಗೋಮಾ ಕಡೆಯವರು, ಕಲೆಂಜಿನ್ ಮಾತು ಬರುವುದಿಲ್ಲ. ಅಜ್ಜಿಯ ಮಾತನ್ನು ಕಿಮೈಯೊ ಸ್ವಾಹಿಲಿಗೆ ತಿರುಗಿಸಿ ಹೇಳಿದ. ಹುಡುಗಿ ಮನೆಯಲ್ಲಿಲ್ಲ ಎಂಬ ಮಾತೇ ಅವರ ಕಿವಿಗೆ ಬಿದ್ದದ್ದು.

ತಪ್ಸುಬೆ ಅಜ್ಜಿ ಹೊಸ ಶಾಲು ಹೊದ್ದು ಬಂದಿದ್ದಳು. ಅವಳ ಮಾತನ್ನು ಕೋಚ್ ಸೊಂಗೊಕ್ ತಿರುಗಿಸಿ ಹೇಳಿದರು. ಗುಡಿಸಲಿಗೆ ಚಿಲಕ ಹಾಕಿದ್ದನ್ನೂ ಅವಳು ಮುಚ್ಚಿಡಲಿಲ್ಲ. ಅಂಥ ಸುಳ್ಳು ಯಾಕೆ ಹೇಳಿದಿರೆಂದು ಅಧ್ಯಕ್ಷೆ ಕೇಳಿದಾಗ ಅಜ್ಜಿಗೆ ಸಿಟ್ಟೇ ಬಂತು.

"ಮೊದಲ್ನೇ ಸಲ ಬಂದೋರಿಗೆ ಹುಡುಗಿ ಇದ್ದಾಳೆ ಅಂತ ಯಾರಾದ್ರೂ ಹೇಳ್ತಾರಾ? ನನ್ನ ಮೊಮ್ಮಗಳೇನು ಸಂತೆಗೆ ಹೊಡ್ಕೊಂಡು ಬಂದ ಮೇಕೆನಾ?"

ಕೋಚ್ ಅದನ್ನು ಹೇಳುತ್ತ ತುಟಿ ಕಚ್ಚಿ ನಗು ತಡೆದರು. ಅಧ್ಯಕ್ಷೆ ನಗಲಿಲ್ಲ. ತಪ್ಪಿಸಿಕೊಂಡ ಯಾವ ಓಟಗಾರರ ಮನೆಯವರೂ ಇಂಥದೊಂದು ಕಥೆ ಕಟ್ಟಬಹುದು, ನಂಬುವುದು ಹೇಗೆ ಎಂದರು. ಜೆಮೇಲಿಯ ಕಣ್ಣಿಗೆ ಕತ್ತಲೆ ಕವಿಯಿತು. ಮುಗಿಯಿತು... ಎಲ್ಲ ಮುಗಿಯಿತು.

ಆಮೇಲೆ ಕಿಮೈಯೊನನ್ನು ಕರೆದರು.

ಅವನು ಬಂದು ನಿಂತ. ಬಡವಾಗಿದ್ದ. ಜೆಮೇಲಿ ಅವನನ್ನು ನೋಡಬಾರದೆಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಅಜ್ಜಿ ಹೇಳಿದ್ದು ನಿಜ," ಎಂದ. "ಅವರು ನಮ್ಮನ್ನ ಹೆಣ್ಣು ಕೇಳೋಕೆ ಬಂದೋರು ಅಂದ್ಕೊಂಡಿದ್ರು. ಅದು ನನಗೆ ಅವತ್ತೇ ಗೊತ್ತಿತ್ತು."

ನೆಕೇಸಾ ಮೇಡಂ ಥಟ್ಟನೆ ತಲೆಯೆತ್ತಿದರು.

"ಹೇಗೆ ಗೊತ್ತಿತ್ತು?" ಅಧ್ಯಕ್ಷೆ ಕೇಳಿದರು.

"ನಿಂದು ಯಾವ ಬೆಡಗಪ್ಪಾ ಅಂತ ಅಜ್ಜಿ ನನ್ನನ್ನ ಕೇಳಿದ್ರು. ಗಂಡಿಗೆ ಮಾತ್ರ ಕೇಳೋ ಮಾತು ಅದು. ಒಂದೇ ಬೆಡಗಿನೋರು, ಅಂದ್ರೆ ಒಂದೇ ಕುಲದೋರು, ಮದುವೆ ಆಗೋ ಹಾಗಿಲ್ಲ ಅಂತ. ನಾನು ಜೇನಿನ ಬೆಡಗು ಅಂದೆ. ಅಜ್ಜಿ ಏನು ಕೇಳಿದ್ರು ಅಂತ ನೆಕೇಸಾ ಮೇಡಂ ವಿಚಾರಿಸಿದ್ರು. ಸುಮ್ನೆ ಯೋಗಕ್ಷೇಮ ಅಂದುಬಿಟ್ಟೆ. ಹುಡುಗಿ ಇಲ್ಲ ಅನ್ನೋ ಮಾತನ್ನ ತಿರುಗಿಸಿ ಹೇಳ್ದೆ. ಅದರರ್ಥ ಹೇಳಲಿಲ್ಲ. ಹಿಂದೆ ಗುಡಿಸಲಿತ್ತು, ಹೋಗಿ ಬಾಗಿಲು ಬಡೀಬೇಕಿತ್ತು. ಬಡೀಲಿಲ್ಲ."

"ಯಾಕೆ?"

ಕಿಮೈಯೊ ಅಜ್ಜಿಯ ಕಡೆ ಒಮ್ಮೆ ನೋಡಿದ.

"ಅಜ್ಜೀ, ನೀವು ತಪ್ಪು ತಿಳ್ಕೊಂಡಿದ್ದೀರಿ ಅಂತ ಹೇಳಬೇಕಿತ್ತು ಮೇಡಂ. ನನಗೆ ಬಾಯಿ ಬರ್ಲಿಲ್ಲ... ಯಾಕಂದ್ರೆ ನನ್ನ ಮಟ್ಟಿಗೆ ಅದು ತಪ್ಪಾಗಿರ್ಲಿಲ್ಲ."

ಜೆಮೇಲಿ ಕಿಟಕಿಯಿಂದ ಮುಖ ತಿರುಗಿಸಿದಳು.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಅವನದಾಗಿತ್ತು ಅವತ್ತು. ನಿಜ ಬಿಡಿಸಿ ಹೇಳಿದರೆ ಮನಸ್ಸಿನ ಗುಟ್ಟು ಹೊರಬೀಳುತ್ತದೆ. ಓಟಗಾರ್ತಿಯ ಮೇಲೆ ಮನಸ್ಸಿಟ್ಟವನು ಅವಳ ರಕ್ತ ತೆಗೆಯುವಂತಿಲ್ಲ, ಮೊದಲೇ ಹೇಳಿ ಹಿಂದೆ ಸರಿಯಬೇಕು. ಹಿಂದೆ ಸರಿದರೆ ಅವಳನ್ನು ನೋಡುವ ದಾರಿಯೇ ಇಲ್ಲ. ಆ ಆಸೆಗೆ ಬಿದ್ದು ಸುಮ್ಮನಿದ್ದ. ಅವಳು ಕೆಸರಿನಲ್ಲಿ ಓಡಿಬಂದು ಗಾಜು ಬಡಿದಾಗ, ತಾನು ಮಾಡಿದ್ದು ಏನೆಂದು ಅರ್ಥವಾಗಿ ನಾಲಿಗೆ ಬಿದ್ದುಹೋಗಿತ್ತು. ಇದನ್ನೆಲ್ಲ ಅವನು ತಡವರಿಸುತ್ತ ಹೇಳಿದ. ಬೆಳಿಗ್ಗೆಯೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದೇನೆಂದೂ ಹೇಳಿದ.

ಅಧ್ಯಕ್ಷೆ ಕನ್ನಡಕ ತೆಗೆದರು. "ಪ್ರೀತಿ ಇದ್ದೋನು ಅವಳಿಗೋಸ್ಕರ ಸುಳ್ಳೂ ಹೇಳ್ತಾನೆ. ನಿನ್ನ ಯಾಕೆ ನಂಬಬೇಕು?"

"ನನ್ನನ್ನ ನಂಬಬೇಡಿ. ಡ್ರೈವರ್ ಚುಮೊನ ಕೇಳಿ. ಅವನೂ ಅಲ್ಲೇ ನಿಂತಿದ್ದ, ಅವನಿಗೂ ಮಾತು ಬರುತ್ತೆ."

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಚುಮೊನನ್ನು ಎಬ್ಬಿಸಿ ಕರೆತಂದರು. ಕಿಮೈಯೊ ಏನು ಹೇಳಿದನೆಂದು ಅವನು ಕೇಳಿಸಿಕೊಂಡಿರಲಿಲ್ಲ. ಅಜ್ಜಿ ಏನು ಕೇಳಿದಳೆಂದರೆ ತಲೆ ಕೆರೆದುಕೊಂಡ.

"ಬೆಡಗು ಕೇಳಿದ್ಲು. ಇವನು ಜೇನಿನ ಬೆಡಗು ಅಂದ. ಆಗ್ಲೇ ನನಗನ್ನಿಸ್ತು, ಇದು ರಕ್ತ ತೆಗೆಯೋ ವಿಷಯ ಅಲ್ಲ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?" ನೆಕೇಸಾ ಮೇಡಂ ಗುಡುಗಿದರು.

"ನಾನು ಡ್ರೈವರ್ ಮೇಡಂ. ನನ್ನನ್ನ ಯಾರು ಕೇಳಿದ್ರು?"

ಈ ಸಲ ಅಧ್ಯಕ್ಷೆಗೂ ನಗು ತಡೆಯಲಾಗಲಿಲ್ಲ.

ಊಟದ ನಂತರ ತೀರ್ಪು ಬಂತು. ಓಟಗಾರ್ತಿ ತಾನು ತಿಳಿಸಿದ ಜಾಗದಲ್ಲೇ ಇದ್ದಳು, ಅಧಿಕಾರಿಗಳು ಹುಡುಕಬೇಕಾದಷ್ಟು ಹುಡುಕಲಿಲ್ಲ, ಹಾಗಾಗಿ ಈ ಪರೀಕ್ಷೆ ತಪ್ಪಿದ್ದೆಂದು ಲೆಕ್ಕವಿಲ್ಲ. ಹಳೆಯ ಎರಡು ಹಾಗೆಯೇ ಇರುತ್ತವೆ, ಇನ್ನು ಎಚ್ಚರವಾಗಿರು ಎಂದು ಅಧ್ಯಕ್ಷೆ ಜೆಮೇಲಿಗೂ ಒಂದು ಮಾತು ಹೇಳಿದರು. ಕೋಚ್ ಸೊಂಗೊಕ್ ಮಗುವಿನಂತೆ ಅತ್ತರು. ಅಜ್ಜಿಗೆ ತೀರ್ಪು ಅರ್ಥವಾಗದಿದ್ದರೂ ಕೋಚ್ ಅತ್ತದ್ದು ನೋಡಿ ತಾನೂ ಅತ್ತಳು.

ಕಿಮೈಯೊ ಹೋಟೆಲಿನ ಹಿತ್ತಲಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದ. ಜೆಮೇಲಿ ಹುಡುಕಿಕೊಂಡು ಹೋದಳು.

"ಇಷ್ಟು ದಿನ ನಾನು ಏನನುಭವಿಸಿದೆ ಗೊತ್ತಾ ನಿಮಗೆ?"

"ಗೊತ್ತು."

"ಗೊತ್ತಿಲ್ಲ. ಊರೋರು ಕಳ್ಳಿ ಅಂದಾಗ ಅಷ್ಟು ನೋವಾಗ್ಲಿಲ್ಲ ನನಗೆ. ನೀವು ಗಾಜು ಏರಿಸಿದ್ರಲ್ಲ..." ಅವಳು ಟ್ಯಾಂಕಿಗೆ ಅಂಗೈಯಿಂದ ಬಡಿದಳು. "ಬೇರೆ ಯಾರೇ ಆಗಿದ್ರೂ ಸಹಿಸ್ಕೋತಿದ್ದೆ."

ಅವನು ಕೈಮುಗಿಯಲೂ ಇಲ್ಲ, ಸಮಜಾಯಿಷಿ ಹೇಳಲೂ ಇಲ್ಲ. "ನನ್ನ ಆಸೆಗೆ ನಿಮ್ಮ ಓಟ ಅಡ ಇಟ್ಟೆ. ಅದು ಕ್ಷಮಿಸೋ ಅಂಥದ್ದಲ್ಲ," ಎಂದಷ್ಟೇ ಹೇಳಿದ. ಕಪ್ಸಬೆಟ್ ಕಡೆಯ ಆಸ್ಪತ್ರೆಯಲ್ಲಿ ಹಳೆಯ ಕೆಲಸ ಸಿಗಬಹುದು, ನಾಳೆ ಹೋಗುತ್ತೇನೆಂದ.

ಹೋಗುತ್ತಾನೆ. ನಿಜವಾಗಿಯೂ ಹೋಗುತ್ತಾನೆ. ಸಿಟ್ಟು ಇನ್ನೂ ಇತ್ತು ಅವಳಲ್ಲಿ, ಬೇಕಾದಷ್ಟಿತ್ತು. ಆದರೆ ಮೂವರು ದೊಡ್ಡವರ ಮುಂದೆ, ಅಜ್ಜಿಯ ಮುಂದೆ, ಇರುವ ಕೆಲಸ ಕಳೆದುಕೊಂಡು ತನ್ನ ಮಾನ ತಾನೇ ಬಿಚ್ಚಿಟ್ಟವನು ಹೇಡಿಯಲ್ಲ. ಅಷ್ಟಂತೂ ಅವಳಿಗೆ ಗೊತ್ತಾಗಿತ್ತು.

"ಓಟಗಾರ್ತಿ ಜೊತೆ ಬಾಳೋದು ಅಂದ್ರೆ ಏನು ಅಂತ ಯೋಚ್ನೆ ಮಾಡಿದ್ದೀಯಾ?" ಎಂದಳು. ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಮನೇಲಿ ಕೆಮ್ಮಿನ ಔಷಧಿನೂ ಕೇಳದೆ ತರೋ ಹಾಗಿಲ್ಲ. ಒಂಬತ್ತಕ್ಕೆ ದೀಪ ಆರಬೇಕು. ಕತ್ತಲಲ್ಲೇ ಯಾರೋ ಬಂದು ಬಾಗಿಲು ಬಡೀತಾರೆ. ಹಬ್ಬ ಇರ್ಲಿ, ಜಡಿಮಳೆ ಇರ್ಲಿ... ಮದುವೆಯಾದ ಮಾರನೇ ಬೆಳಿಗ್ಗೆನೂ ಬರಬಹುದು. ನಾನು ಓಡೋವರೆಗೂ ಇದೇ ಬದುಕು. ಆಗುತ್ತಾ ನಿನ್ ಕೈಲಿ?"

ಕಿಮೈಯೊನ ಕಣ್ಣು ತುಂಬಿ ಬಂತು.

"ನೀನು ಮಲಗಿರು," ಎಂದ. "ಬಾಗಿಲು ನಾನು ತೆಗೀತೀನಿ."